ಅಂಜಿದಾಗ ಕುಟ್ಟಿದ ಚಟ್ನಿ

ನನಗೆ ಅಂಜಿಕೆಯಾದಾಗ ನಾನು ಶೇಂಗಾ ಚಟ್ನಿ ಕುಟ್ಟುತ್ತೇನೆ. ಇದನ್ನು ಒಪ್ಪಿಕೊಳ್ಳುವ ಧೈರ್ಯ ಬಂದದ್ದು ಇತ್ತೀಚೆಗೆ, ಅದೂ ಕನ್ನಡದಲ್ಲಿ ಬರೆಯುತ್ತಿರುವುದರಿಂದ. ನನ್ನ ಮಗಳು ಮನೆಯಲ್ಲಿ ಜಗಳವಾಡುವುದೆಲ್ಲ ಕನ್ನಡದಲ್ಲಿ, ಓದುವುದು ಮಾತ್ರ ಮರಾಠಿ. ಸೊಲ್ಲಾಪುರದ ನಮ್ಮಂಥ ಮನೆಗಳಲ್ಲಿ ತಾಯಂದಿರು ಗುಟ್ಟು ಬಚ್ಚಿಡಲು ಬೀಗ ಹುಡುಕಬೇಕಾಗಿಲ್ಲ, ಕನ್ನಡ ಅಕ್ಷರ ಸಾಕು. ಆದ್ದರಿಂದ ನಿಮಗೆ ಹೇಳುತ್ತೇನೆ, ನೀವು ಅವಳಿಗೆ ಓದಿ ಹೇಳಬೇಡಿ.

ನಾನು ಒಂದು ಕಾಲೇಜಿನ ಆಫೀಸಿನಲ್ಲಿ ಕ್ಲಾರ್ಕು. ಕಳೆದ ಬೇಸಿಗೆಯಲ್ಲಿ ನಮಗೆಲ್ಲ ಸಮಯದ ಸದುಪಯೋಗ ಕಲಿಸಲು ಪುಣೆಯಿಂದ ಒಬ್ಬ ತರುಣ ಬಂದಿದ್ದ. ‘ವೇಳ ವಾಯಾ ಘಾಲವೂ ನಕಾ’, ಅಂದರೆ ಹೊತ್ತು ಹಾಳುಮಾಡಬೇಡಿ, ಎಂಬ ಒಂದು ಮಾತು ಹೇಳುವುದಕ್ಕೆ ನಮ್ಮ ಇಡೀ ಮಧ್ಯಾಹ್ನವನ್ನು ತೆಗೆದುಕೊಂಡ. ಮೊಬೈಲು ದೂರ ಇಡಿ, ಚಹಾದ ನೆಪದಲ್ಲಿ ಎದ್ದು ಹೋಗಬೇಡಿ, ಕಠಿಣವಾದದ್ದನ್ನು ಮೊದಲು ಮುಗಿಸಿ ಎಂದೆಲ್ಲ ಹೇಳಿ, ಕೊನೆಗೆ ಒಬ್ಬೊಬ್ಬರನ್ನೇ ಎಬ್ಬಿಸಿ ನಿಮ್ಮ ಹೊತ್ತು ತಿನ್ನುವ ಚಟ ಯಾವುದು ಎಂದು ಕೇಳಿದ. ಎಲ್ಲರೂ ಮೊಬೈಲು ಎಂದರು. ನಾನೂ ಮೊಬೈಲು ಎಂದೆ. ಅದು ಸುಳ್ಳು. ಆಗ ನನ್ನ ಎಡಗಂಕುಳಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಗಂಟಿತ್ತು, ಅಡುಗೆಮನೆಯ ಗೋಡೆಯ ಮಾಡದಲ್ಲಿ ಚಟ್ನಿಯ ಡಬ್ಬಿಗಳಿಗೆ ಜಾಗ ಸಾಲುತ್ತಿರಲಿಲ್ಲ.

ಗಂಟು ಮೊದಲು ಸಿಕ್ಕದ್ದು ಸೀರೆಯ ಜಂಪರು ತೊಡುವಾಗ. ಕಂಕುಳಲ್ಲಿ ಏನೋ ಹಿಡಿದಂತಾಯಿತು. ಕೈ ಹಾಕಿ ನೋಡಿದೆ, ಗೋಲಿಯಷ್ಟು ದಪ್ಪಗೆ ಹತ್ತಿತು. ಜಾಣೆಯಾದವಳು ಅವತ್ತೇ ಡಾಕ್ಟರ ಕಡೆ ಹೋಗುತ್ತಾಳೆ. ನಾನು ಟೇಲರನ ಕಡೆ ಹೋದೆ. ನವಿ ಪೇಠೆಯಲ್ಲಿ ನಮ್ಮ ಯಜಮಾನರ ಬಟ್ಟೆ ಅಂಗಡಿಯ ಮಗ್ಗುಲಲ್ಲೇ ಅವನ ಮಶಿನ್ನು. ಜಂಪರು ಬಿಗಿ ಹೊಲಿದಿದ್ದೀಯೆಂದು ಅವನ ಮೇಲೆ ಹರಿಹಾಯ್ದೆ.

‘ಯಾವಾಗಿನ ಅಳತೀನ ಅದ ರೀ ವೈನಿ. ಇರಲಿ ಬಿಡ್ರಿ, ಬಿಚ್ಚಿ ಸಡ್ಲ ಮಾಡಿ ಕೊಡ್ತೀನಿ,’ ಎಂದ ಪಾಪ. ಆಮೇಲೆ ಅಂಚಿನ ಹೊಲಿಗೆ ಬಿಚ್ಚುತ್ತ, ‘ಒಂದ ಬದಿಗಷ್ಟ ಬಿಡಬೇಕೇನ್ರಿ?’ ಎಂದು ಕೇಳಿದ.

ಆ ಪ್ರಶ್ನೆಗೆ ನನ್ನ ಎದೆ ಧಸಕ್ಕೆಂದಿತು. ಎರಡೂ ಬದಿಗೆ ಬಿಡು ಎಂದು ಹೇಳಿ ಮನೆಗೆ ಬಂದು ಶೇಂಗಾ ಹುರಿಯಲು ಇಟ್ಟೆ. ಮರುದಿನ ಉಳಿದ ಜಂಪರುಗಳನ್ನೆಲ್ಲ ಗಂಟುಕಟ್ಟಿ ಒಯ್ದು ಅವನಿಗೇ ಕೊಟ್ಟೆ.

ಹೊತ್ತುಗಳೆಯುವವರನ್ನು ಜನ ಸೋಮಾರಿಗಳು ಎನ್ನುತ್ತಾರೆ. ಇದು ದೊಡ್ಡ ಅನ್ಯಾಯ. ಆ ದಿನಗಳಲ್ಲಿ ನಾನು ದುಡಿದಷ್ಟು ಯಾರೂ ದುಡಿದಿರಲಿಕ್ಕಿಲ್ಲ. ಆಫೀಸಿನಲ್ಲಿ ನೆಟ್ಟಗಿದ್ದ ಫೈಲುಗಳ ಹೆಸರನ್ನು ಮತ್ತೊಮ್ಮೆ ದುಂಡಗೆ ಬರೆದೆ. ಮನೆಯಲ್ಲಿ ಅಟ್ಟ ಗುಡಿಸಿದೆ. ಶೇಂಗಾ ಹುರಿದು, ಸಿಪ್ಪೆ ತಿಕ್ಕಿ ತೂರಿ, ಬೆಳ್ಳುಳ್ಳಿ ಸುಲಿದು, ಖಾರ ಹಾಕಿ, ಎಣ್ಣೆ ಬಿಡುವ ತನಕ ಕುಟ್ಟಿದೆ. ಒನಕೆಯ ಸಪ್ಪಳದಲ್ಲಿ ಬೇರೆ ಏನೂ ಕೇಳಿಸುವುದಿಲ್ಲ ಎನ್ನುವುದೇ ಅದರ ದೊಡ್ಡ ಗುಣ. ಒನಕೆ ನಿಲ್ಲಿಸಿದರೆ ಅಂಜಿಕೆ ಮಾತಾಡುತ್ತಿತ್ತು. ನಮ್ಮ ಓಣಿಯಲ್ಲಿ ಇಂಥದೇ ಗಂಟಿನಿಂದ ತೀರಿಹೋದ ಒಬ್ಬ ಹೆಂಗಸು ನೆನಪಾಗುತ್ತಿದ್ದಳು. ನಮ್ಮ ಭಾಗಕ್ಕೆ ದಿನಬಿಟ್ಟು ದಿನ ಯಾವ ಯಾವುದೋ ಹೊತ್ತಿಗೆ ನೀರು ಬಿಡುತ್ತಾರೆ; ನಾನಿಲ್ಲದಿದ್ದರೆ ನಳದ ಸಪ್ಪಳಕ್ಕೆ ಏಳುವವರು ಯಾರು ಎಂದು ಯೋಚಿಸಿ ಅತ್ತಿದ್ದೇನೆ. ಸಾವಿಗಿಂತ ಖಾಲಿ ಹಂಡೆಯೇ ಹೆಚ್ಚು ಕಾಡುತ್ತಿತ್ತು ಎಂದರೆ ನೀವು ನಗಬಹುದು.

ಬರೆಯಲು ಕೂತಾಗ ಶಬ್ದಗಳು ಬೇರೆ ಕೀಟಲೆ ಮಾಡುತ್ತವೆ. ಗಂಟು, ಗಂಟೆ. ನಮ್ಮ ಮಾತಿನಲ್ಲಿ ಗಂಟೆಯೂ ‘ಗಂಟಿ’ ಆಗುತ್ತದೆ, ಹಾಗಾಗಿ ಎರಡಕ್ಕೂ ನಡುವೆ ಒಂದು ಕೊಂಬಿನಷ್ಟೇ ಅಂತರ. ಕಾಲಹರಣ ಎನ್ನುತ್ತೇವೆ. ಹರಣ ಎಂದರೆ ಕದ್ದೊಯ್ಯುವುದು, ಕಾಲ ಎಂದರೆ ಸಮಯವೂ ಹೌದು, ಯಮನೂ ಹೌದು. ಅವನನ್ನೇ ಕದ್ದು ಒರಳಿನಲ್ಲಿ ಅಡಗಿಸಿಡುತ್ತೇನೆಂದು ನಾನು ಹೊರಟಿದ್ದೆ, ಅವನಾದರೋ ನನ್ನ ಕಂಕುಳಲ್ಲೇ ಕೂತಿರಬಹುದಿತ್ತು.

ಈ ವಿದ್ಯೆ ನನಗೆ ತವರಿನಿಂದ ಬಂದದ್ದು. ವಳಸಂಗದ ನಮ್ಮ ಮನೆಯಲ್ಲಿ ಅಪ್ಪ ಸೊಲ್ಲಾಪುರದಿಂದ ಬರುವುದು ತಡವಾದರೆ ಅವ್ವ ಒರಳಿನ ಮುಂದೆ ಕೂಡುತ್ತಿದ್ದಳು. ಒರಳು ನನ್ನ ಪಾಲಿಗೆ ಬಂತು. ಅಕ್ಕಲಕೋಟೆಗೆ ಕೊಟ್ಟ ನನ್ನ ಅಕ್ಕನ ಪಾಲಿಗೆ ಬಂದದ್ದು ಹಿತ್ತಾಳೆ ಪಾತೇಲಿಗಳು. ಅವಳು ಅಂಜಿದಾಗ ಹುಣಸೆಹಣ್ಣು ಹಚ್ಚಿ ಅವನ್ನು ತಿಕ್ಕುತ್ತಾಳೆ. ನನ್ನ ಇನ್ನೊಂದು ಚಟವನ್ನು ಬಲ್ಲವಳೂ ಅವಳೇ. ಅವಳ ಊರಿಗೆ ಹೋಗುವ ದಿನ ಫೋನಿನಲ್ಲಿ ನಾನು ‘ಹೊಂಟೀನಿ’ ಎಂದರೆ ಸ್ನಾನವೂ ಆಗದೆ ನನ್ನ ತಲೆ ಇನ್ನೂ ಎಣ್ಣೆಯಲ್ಲಿರುತ್ತದೆ ಎಂಬುದು ಅವಳಿಗೆ ಗೊತ್ತು. ಬಸ್ಸು ನಡುದಾರಿಯ ವಳಸಂಗ ದಾಟಿತೆಂದು ಹೇಳುವ ತನಕ ಅವಳು ನನ್ನ ಪಾಲಿನ ರೊಟ್ಟಿಗೆ ಹಿಟ್ಟು ನಾದುವುದಿಲ್ಲ.

ನನ್ನನ್ನು ಹಿಡಿದವರು ನಮ್ಮವರು. ಒಂದು ದಿನ ಊಟಕ್ಕೆ ಬಂದವರು ಸಕ್ಕರೆ ಡಬ್ಬಿ ತೆರೆದರು, ಅದರಲ್ಲಿಯೂ ಚಟ್ನಿ. ಮುಚ್ಚಳವನ್ನು ಮೆಲ್ಲಗೆ ಮುಚ್ಚಿ, ‘ಯಾತಕ್ಕ ಅಂಜಾಕತ್ತಿ ನೀ?’ ಎಂದು ಕೇಳಿದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಅಷ್ಟು ಮೆತ್ತಗೆ ಕೇಳಿದ್ದು ಕಡಿಮೆ. ಹೇಳಿಬಿಟ್ಟೆ. ಅವರ ಮುಖ ಬಿಳುಪೇರಿತು. ತಕ್ಷಣ ಎದ್ದರು, ಡಾಕ್ಟರಿಗೆ ಫೋನು ಮಾಡುತ್ತಾರೆಂದುಕೊಂಡೆ. ಅವರು ಅಂಗಡಿಗೆ ಹೋಗಿ, ಮಡಚಿಟ್ಟ ಚಾದರುಗಳನ್ನೆಲ್ಲ ಬಿಚ್ಚಿ ಮತ್ತೆ ಮಡಚುತ್ತ ಕೂತರಂತೆ. ಸಂಜೆ ಬಂದು, ‘ನಡಿ, ಏಳು,’ ಎಂದರು. ಆ ಮಧ್ಯಾಹ್ನಕ್ಕಾಗಿ ನಾನು ಅವರನ್ನು ಏನೂ ಅನ್ನಲಿಲ್ಲ, ಅನ್ನುವ ಮುಖ ನನಗೆಲ್ಲಿತ್ತು.

ಡಾಕ್ಟರು ನಮ್ಮ ಕಡೆಯ ಹೆಣ್ಣುಮಗಳೇ. ಒತ್ತಿ ನೋಡಿ, ಎಂದಿನಿಂದ ಇದೆ ಎಂದು ಕೇಳಿದರು. ಹೇಳಿದೆ. ಕನ್ನಡಕ ತೆಗೆದು, ‘ಇಷ್ಟ ದಿನಾ ಏನ್ ಮಾಡಾಕತ್ತಿದ್ರಿ?’ ಎಂದರು.

‘ಚಟ್ನಿ ಕುಟ್ಟಾಕತ್ತಿದ್ಲರಿ,’ ಎಂದರು ನಮ್ಮವರು.

ಅವರು ಚೇಷ್ಟೆಗೆ ಹೇಳಿದ್ದಲ್ಲ, ಡಾಕ್ಟರೂ ನಗಲಿಲ್ಲ. ಸಣ್ಣದೊಂದು ಆಪರೇಷನ್ ಮಾಡಿ ಗಂಟನ್ನು ತೆಗೆದು ತಪಾಸಣೆಗೆ ಕಳಿಸಿದರು. ಹೊಲಿಗೆ ಹಾಕಿದ್ದೇವೆ, ಕೈ ಮೇಲೆತ್ತುವ ಕೆಲಸ ಬೇಡ ಎಂದು ತಾಕೀತು ಮಾಡಿದರು. ಜಂಪರಿನ ಹೊಲಿಗೆ ಬಿಚ್ಚಿಸಿದ್ದಕ್ಕೆ ನನಗೆ ಸರಿಯಾದದ್ದೇ ಆಯಿತು.

ರಿಪೋರ್ಟು ಬರುವ ತನಕದ ದಿನಗಳನ್ನು ಹೇಗೆ ಹೇಳಲಿ? ಕೈ ಎತ್ತುವಂತಿಲ್ಲ, ಒರಳು ಮೂಲೆ ಸೇರಿತ್ತು. ಮೊದಲ ಸಲ ನಾನು ಮತ್ತು ನನ್ನ ಅಂಜಿಕೆ ನಡುವೆ ಏನೂ ಇಲ್ಲದೆ ಎದುರುಬದುರು ಕೂತೆವು. ಬೆನ್ನು ಬೆವರುತ್ತಿತ್ತು, ಮಗಳು ಎದುರು ಬಂದರೆ ಎದ್ದು ಒಳಗೆ ಹೋಗುತ್ತಿದ್ದೆ. ಅಂಜಿಕೆ, ಇನ್ನು ತಡೆಯಲಾರೆ ಎನ್ನುವಷ್ಟು ಏರಿ, ಆಮೇಲೆ ತಾನೇ ಇಳಿಯುತ್ತಿತ್ತು. ಮತ್ತೆ ಬರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಇಷ್ಟಕ್ಕಾಗಿ ನಾನು ಒಂದು ಇಡೀ ಬೇಸಿಗೆಯನ್ನು ಒರಳಿಗೆ ಹಾಕಿ ಕುಟ್ಟಿದ್ದೆ ಎಂದು ಆಗ ತಿಳಿಯಿತು.

‘ಚರಬಿ ಗಂಟ ಅದ. ಅಂಜೂದೇನಿಲ್ಲ,’ ಎಂದರು ಡಾಕ್ಟರು ರಿಪೋರ್ಟು ನೋಡಿ. ನಾನು ಕೈ ಮುಗಿದೆ. ಅವರು ಮಾತು ಮುಗಿಸಿರಲಿಲ್ಲ. ‘ನಸೀಬ ಛಲೋ ಇತ್ತು ಈ ಸಲ. ಮುಂದ ಹಿಂಗ ಸುಮ್ನ ಕುಂದರಬ್ಯಾಡ್ರಿ ಮತ್ತ.’ ಹೊರಗೆ ಬಂದ ಮೇಲೆ ನಮ್ಮವರು ರಸ್ತೆಯಲ್ಲೇ ಕಣ್ಣೊರೆಸಿಕೊಂಡರು, ಧೂಳು ಬಿತ್ತು ಎಂದರು.

ಇಲ್ಲಿಗೆ ಮುಗಿಸಿದ್ದರೆ ಇದೂ ಒಂದು ಉಪದೇಶವಾಗಿ, ನನಗೂ ಆ ಪುಣೆಯ ತರುಣನಿಗೂ ವ್ಯತ್ಯಾಸ ಇರುತ್ತಿರಲಿಲ್ಲ. ಆದರೆ ಮೊನ್ನೆ ಬೆಳಿಗ್ಗೆ ಅಕ್ಕನ ಫೋನು ಬಂತು. ನಾನು ಕುಟ್ಟುತ್ತಿದ್ದೆ. ದೇವರಾಣೆಗೂ ಈ ಸಲ ತಿನ್ನುವುದಕ್ಕೇ.

‘ಈಗಿನ ಹುಣಸಿಹಣ್ಣಿನಾಗ ಕಸುವ ಇಲ್ಲವಾ ತಂಗಿ,’ ಎಂದಳು ಅಕ್ಕ. ‘ಎಷ್ಟ ತಿಕ್ಕಿದ್ರೂ ಪಾತೇಲಿ ಹೊಳಿವಲ್ಲವು.’

‘ಹಬ್ಬ ಇಲ್ಲ ಹುಣ್ಣಿಮಿ ಇಲ್ಲ, ಈಗ್ಯಾಕ ತಿಕ್ಕಾಕತ್ತಿ?’

‘ಸುಮ್ನ. ಹೊತ್ತ ಹೋಗಬೇಕಲ್ಲ.’

‘ಒಂದ ಬದಿಗಷ್ಟ?’ ಎಂದು ಕೇಳಿದ್ದ ನಮ್ಮ ಟೇಲರು ನನಗೆ ನೆನಪಾದ. ಒನಕೆಯನ್ನು ಕೆಳಗಿಟ್ಟೆ. ‘ಅಕ್ಕಾ, ಎಡಗಣ್ಣ ಮುಚ್ಚಿ ಪಾತೇಲಿ ನೋಡು,’ ಎಂದೆ.

‘ಅದ ಮಬ್ಬ.’

‘ಈಗ ಬಲಗಣ್ಣ ಮುಚ್ಚಿ ನೋಡು.’

ಪಾತೇಲಿಯನ್ನು ನೆಲಕ್ಕಿಟ್ಟ ಸಪ್ಪಳ ಕೇಳಿಸಿತು.

‘ಈಗ ಹೊಳ್ಯಾಕತ್ತಾದವಾ,’ ಎಂದಳು. ‘ನನಗ ಗೊತ್ತಿತ್ತು. ಯಾರ ಮುಂದೂ ಹೇಳಬ್ಯಾಡ.’

ಒರಳಿನಲ್ಲಿ ಅರೆಬರೆ ಕುಟ್ಟಿದ ಶೇಂಗಾ ಇತ್ತು, ಕೈ ತಾನಾಗಿಯೇ ಒನಕೆಯ ಕಡೆ ಹೋಯಿತು. ಹಿಂದಕ್ಕೆ ಎಳೆದುಕೊಂಡೆ. ಪರ್ಸು ತೆಗೆದುಕೊಂಡು, ಖಾರದ ಕೈಯಲ್ಲೇ ಚಪ್ಪಲಿ ಮೆಟ್ಟಿ, ಮೆಟ್ಟಿಲು ಇಳಿಯುತ್ತ ಹೇಳಿದೆ: ‘ಅಕ್ಕಾ, ಹೊಂಟೀನಿ. ಇವತ್ತ ಕಣ್ಣಿನ ಡಾಕ್ಟರ ಕಡಿ ಹೋಗೂಣು.’

‘ನಿನ್ನ ಹೊಂಟೀನಿ ನನಗ ಗೊತ್ತಿಲ್ಲೇನು,’ ಎಂದಳು, ಅಷ್ಟು ಅಂಜಿಕೆಯಲ್ಲೂ.

ನಾನು ಫೋನನ್ನು ರಸ್ತೆಯ ಕಡೆ ಹಿಡಿದೆ. ರಿಕ್ಷಾದವನು ಹಾರ್ನು ಹೊಡೆದ, ನಾನು ಎಸ್‌ಟಿ ಬಸ್ ಸ್ಟ್ಯಾಂಡಿಗೆ ಎಂದೆ, ಅವನು ಮರಾಠಿಯಲ್ಲಿ ‘ಬಸಾ’, ಕೂತುಕೊಳ್ಳಿ, ಎಂದ. ಅಕ್ಕ ಅದನ್ನೆಲ್ಲ ಕೇಳಿಸಿಕೊಂಡಳು.

‘ಹಂಗಾರ ಹಿಟ್ಟ ನಾದತೀನಿ,’ ಎಂದಳು. ‘ಬಾ.’