ನಮ್ಮ ಶಮೀಮಾ ಬಸ್ ಹತ್ತಿದ ಮೇಲೆ

ಹೋದ ತಿಂಗಳು ಒಂದು ಬೆಳಗ್ಗೆ ಬೇಳೆಗೆ ಒಗ್ಗರಣೆ ಹಾಕುತ್ತಲೇ ಶಮೀಮಾ ಹೇಳಿಬಿಟ್ಟರು: "ಸಾರ್, ಒಂದನೇ ತಾರೀಕಿಂದ ನಾನು ಬರಲ್ಲ."

ಕಾಫಿ ಲೋಟ ನನ್ನ ತುಟಿಯ ಹತ್ತಿರವೇ ನಿಂತಿತು. ಕೆಂಪಾಪುರದ ನಮ್ಮ ಮನೆಯಲ್ಲಿ ಏಳು ವರ್ಷದಿಂದ ಅಡುಗೆ ಮಾಡುತ್ತಿದ್ದವರು ಶಮೀಮಾ. ಎರಡು ಬೀದಿ ಆಚೆ ಅವರ ಮನೆ. ನನ್ನ ಹೆಂಡತಿ ಬ್ಯಾಂಕ್ ಕೆಲಸಕ್ಕೆ ಬೆಳಗ್ಗೆ ಬೇಗ ಹೊರಡುತ್ತಾಳೆ. ನಾನು ಮನೆಯಲ್ಲಿ ಕೂತು ಬರೆಯುತ್ತೇನೆ. (ಅಡುಗೆ ಯಾಕೆ ಮಾಡುವುದಿಲ್ಲ ಅಂತ ಕೇಳಬೇಡಿ.)

"ಯಾಕಮ್ಮ, ಸಂಬಳ ಸಾಲ್ತಿಲ್ವಾ? ಜಾಸ್ತಿ ಮಾಡೋಣ."

"ಸಂಬಳಕ್ಕಲ್ಲ ಸಾರ್. ಯಲಹಂಕದ ಹತ್ರ ಅಟ್ಟೂರಲ್ಲಿ ಸ್ಕೂಲ್ ಯೂನಿಫಾರಂ ಹೊಲಿಯೋ ಕಡೆ ಕೆಲಸ ಸಿಕ್ಕಿದೆ. ಕಟಿಂಗ್ ಪೂರ್ತಿ ನಂದೇ."

ಶಮೀಮಾಗೆ ಕಟಿಂಗ್ ಬರುತ್ತದೆಯೇ? ಬರುತ್ತದಂತೆ. ಮದುವೆಗೆ ಮುಂಚೆ ಅಪ್ಪನ ಟೈಲರ್ ಅಂಗಡಿಯಲ್ಲಿ ಕಲಿತದ್ದಂತೆ. ಇಷ್ಟು ವರ್ಷ ನಾನು ಕೇಳಿರಲೇ ಇಲ್ಲ.

ಹಾಗಾದರೆ ಇಷ್ಟು ದಿನ ಹೊಲಿಗೆ ಕೆಲಸಕ್ಕೆ ಯಾಕೆ ಹೋಗಲಿಲ್ಲ? ಹೋಗುತ್ತಾ ಎರಡು ಬಸ್, ಬರುತ್ತಾ ಎರಡು ಬಸ್. ದುಡಿದದ್ದರಲ್ಲಿ ಒಂದು ಪಾಲು ಟಿಕೆಟ್ಟಿಗೇ ಹೋಗುತ್ತಿತ್ತು. ಹಾಗಾಗಿ ನಡೆದು ಹೋಗುವಷ್ಟು ದೂರದಲ್ಲೇ ಕೆಲಸ ಹುಡುಕಿಕೊಂಡಿದ್ದರು. ಹೆಂಗಸರಿಗೆ ಬಸ್ ಉಚಿತವಾದ ಮೇಲೆ ಭಾನುವಾರಗಳಲ್ಲಿ ಅಟ್ಟೂರಿನ ತಂಗಿಯ ಮನೆಗೆ ಹೋಗಿಬರತೊಡಗಿದರು. ಆ ಮನೆಯ ಎದುರಿಗೇ ಹೊಲಿಗೆ ಘಟಕ. ಒಂದು ದಿನ ಧೈರ್ಯ ಮಾಡಿ ಒಳಗೆ ಹೋಗಿ ಕೆಲಸ ಕೇಳಿದ್ದಾರೆ. ಬಟ್ಟೆ, ಕತ್ತರಿ ಕೊಟ್ಟು, "ಒಂದು ಪ್ಯಾಂಟ್ ಕತ್ತರಿಸಿ ತೋರ್ಸಿ" ಅಂದರಂತೆ. ತೋರಿಸಿದ್ದಾರೆ.

ಇನ್ನು ನನ್ನ ಕಥೆ. ಈ ಉಚಿತ ಬಸ್ಸಿನ ಯೋಜನೆ ಬಂದ ಹೊಸದರಲ್ಲಿ ಇದೇ ಅಂಕಣದಲ್ಲಿ ಗೊಣಗಿದ್ದೆ, ಬಿಟ್ಟಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಅಂತ. (ನಿಮ್ಮಲ್ಲಿ ಕೆಲವರು ಚಪ್ಪಾಳೆಯನ್ನೂ ತಟ್ಟಿದಿರಿ.) ಈಗ ನಮ್ಮ ಮನೆಯಲ್ಲಿ ಸೋಮಾರಿ ಅಂತ ಸಿಕ್ಕಿಬಿದ್ದವನು ನಾನೊಬ್ಬನೇ.

ಹೆಂಡತಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ.

"ಒಳ್ಳೇದಾಯ್ತಲ್ರೀ" ಅಂದಳು. "ಅವರು ಹೋಗೋದ್ರೊಳಗೆ ಅನ್ನಕ್ಕೆ ನೀರೆಷ್ಟು ಅಂತ ಕೇಳಿಟ್ಕೊಳ್ಳಿ."

ಮೊನ್ನೆ ಯಲಹಂಕದಲ್ಲಿ ಕೆಲಸವಿತ್ತು. ಬಸ್ ಹತ್ತಿದರೆ ಕಿಟಕಿ ಪಕ್ಕದಲ್ಲಿ ಶಮೀಮಾ, ಸುತ್ತ ನಾಲ್ಕೈದು ಹೆಂಗಸರು. ನಾನು ಹಿಂದೆ ನಿಂತದ್ದು ಅವರಿಗೆ ಕಂಡಿರಲಿಲ್ಲ.

"ನಮ್ಮಲ್ಲಿ ಬಟನ್ ಹಾಕೋಕೆ ಇಬ್ಬರು ಬೇಕು" ಅನ್ನುತ್ತಿದ್ದರು ಶಮೀಮಾ.

"ನಮ್ಮ ನಾದಿನೀನ ಕರ್ಕೊಂಡ್ ಬರ್ಲಾ, ಮಾಸ್ಟ್ರೇ?" ಅಂತ ಪಕ್ಕದಾಕೆ.

ಕಟಿಂಗ್ ಮಾಸ್ಟ್ರು. ನಮ್ಮ ಮನೆಯಲ್ಲಿ ಅವರು 'ಅಡುಗೆಯವರು'. ನನಗೆ ಒಳಗೊಳಗೇ ನಾಚಿಕೆಯೂ ಆಯಿತು, ವಿಚಿತ್ರವಾಗಿ ಹೆಮ್ಮೆಯೂ ಆಯಿತು. ಆ ಸೀಟುಗಳ ನಡುವೆ ಒಂದು ಉದ್ಯೋಗ ವಿನಿಮಯ ಕೇಂದ್ರವೇ ನಡೆಯುತ್ತಿತ್ತು, ಬೋರ್ಡಿಲ್ಲದೆ, ಅರ್ಜಿಯಿಲ್ಲದೆ.

ಅಷ್ಟರಲ್ಲಿ ನನ್ನನ್ನು ನೋಡಿದರು. "ಊಟ ಹೆಂಗ್ ನಡೀತಿದೆ ಸಾರ್?"

"ಅನ್ನ ಬಂತು. ಹುಳಿ ಇನ್ನೂ ನೀರು ನೀರು."

"ಬೇಳೆ ಇನ್ನೊಂದ್ ಹಿಡಿ ಹಾಕಿ. ಕಂಜೂಸ್ ಮಾಡ್ಬೇಡಿ" ಅಂದರು. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ.

ಟಿಕೆಟ್ ತೆಗೆದುಕೊಂಡು ಯಲಹಂಕದವರೆಗೆ ನಿಂತೇ ಹೋದೆ. ನಾವು ಒಳ್ಳೆಯವರು, ಅದಕ್ಕೇ ನಮ್ಮ ಕೆಲಸದವರು ಬಿಟ್ಟು ಹೋಗುವುದಿಲ್ಲ ಅಂತ ನೆಂಟರೆದುರು ಕೊಚ್ಚಿಕೊಳ್ಳುತ್ತೇವಲ್ಲ, ನಿಜ ಹೇಳಿ: ಅವರು ಉಳಿದದ್ದು ನಮ್ಮ ಒಳ್ಳೆಯತನಕ್ಕೋ, ಬಸ್ ಚಾರ್ಜಿಗೋ?