ಮುಟ್ಟಿ ಬಿಟ್ಟ ಚೆಂಡು

ಭಾವನ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಕಾಫಿ ಲೋಟ ಹಿಡಿದರೆ ಅದೊಂದು ಪಕ್ಕಕ್ಕೆ ಚಾಚಿಕೊಂಡು, ಆ ದಪ್ಪ ಭುಜಗಳ ಮನುಷ್ಯನಿಗೆ ಏನೋ ನಾಜೂಕು ತಂದುಕೊಡುತ್ತಿತ್ತು. ಚೆಂಡು ಬಡಿದು ಮುರಿದದ್ದೆಂದು ನನ್ನ ನೆನಪು. ಕಾರಿನ ಬಾಗಿಲಿಗೆ ಸಿಕ್ಕಿದ್ದು ಎನ್ನುತ್ತಾಳೆ ಅಕ್ಕ. ಕೇಳೋಣವೆಂದರೆ ಈಗ ಅವರಿಲ್ಲ.

ಭಾವ ಅಮೆರಿಕದವರು, ಬೇಸ್‌ಬಾಲ್ ಆಡಿಯೇ ಬದುಕಿದವರು. ಓಡುವವರು ಮುಟ್ಟಬೇಕಾದ ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಂತು, ನೆಲಕ್ಕೆ ಬಡಿದು ಬರುವ ಚೆಂಡನ್ನು ಹಿಡಿದು ಎಸೆಯುವುದು ಅವರ ಉದ್ಯೋಗ. ಯೌವನದಲ್ಲಿ ಒಂದು ಬೇಸಿಗೆ ದೊಡ್ಡ ಲೀಗಿನಲ್ಲಿ ಆಡಿದ್ದರು. ಆಮೇಲೆಲ್ಲ ಸಣ್ಣ ಊರುಗಳ ತಂಡಗಳು, ಬಸ್ ಪ್ರಯಾಣ. ಪತ್ರಿಕೆಯವರು ಅವರನ್ನು 'ನಂಬಿಕಸ್ಥ ಆಟಗಾರ' ಎಂದು ಬರೆಯುತ್ತಿದ್ದರು. ಬೇರೇನೂ ತೋಚದಾಗ ಬರೆಯುವ ಮಾತು ಅದು. ಅಕ್ಕ ಮೈಸೂರಿನಲ್ಲಿದ್ದ ಅಮ್ಮನಿಗೆ ಫೋನ್ ಮಾಡಿದಾಗ ಕಿವಿಗೆ ಬಿದ್ದಷ್ಟೇ ಅವರ ಕನ್ನಡ. ಹಾಗಾಗಿ ಗಂಡಸಾದ ನನಗೂ "ಆಯ್ತಮ್ಮ" ಅನ್ನುತ್ತಿದ್ದರು.

ಆರ್ಥಿಕ ಹಿಂಜರಿತದ ವರ್ಷ ಅಮೆರಿಕದ ಪ್ಲಿಮತ್‌ನಲ್ಲಿ ನನ್ನ ಕೆಲಸ ಹೋಯಿತು. ಬೋಲಿಂಗ್‌ಬ್ರೂಕ್‌ನಲ್ಲಿ ಅಕ್ಕನ ಮನೆಯ ಬೇಸ್‌ಮೆಂಟ್ ಸೇರಿದೆ. ಚಳಿಗಾಲದಲ್ಲಿ ಆಟವಿಲ್ಲದಾಗ ಭಾವ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದರು. ಆ ವರ್ಷ ಅದೂ ಇರಲಿಲ್ಲ.

"ಇಬ್ಬರು ಗಂಡಸರಿಗೆ ಉಪ್ಪಿಟ್ಟು ಕೆದಕಿ ಹಾಕಕ್ಕೇನೋ ನಾನು ಎಂ.ಡಿ. ಮಾಡಿದ್ದು?" ಅನ್ನುವಳು ಅಕ್ಕ.

ಭಾವ ತಟ್ಟೆ ಚಾಚುವರು. "ಇನ್ನೂ ಸ್ವಲ್ಪ ಹಾಕಮ್ಮ."

ಅವರ ಮಂಡಿ ಸವೆದಿತ್ತು. ಬೇಸಿಗೆಯ ಕೊನೆಗೆ ಸುದ್ದಿ ಬಂತು: ಡೆಟ್ರಾಯಿಟ್ ಕಡೆಯ ಮೇಲಿನ ದರ್ಜೆಯ ತಂಡವೊಂದಕ್ಕೆ ಆಟಗಾರರು ಬೇಕು, ಆ ತಂಡದವರು ಶನಿವಾರದ ಆಟ ನೋಡಲು ಬರುತ್ತಾರೆ. ಇದು ಕೈತಪ್ಪಿದರೆ ಆಟವೇ ಮುಗಿಯಿತು ಎಂದು ಭಾವ ಷೂ ಉಜ್ಜುತ್ತ ಹೇಳಿದರು. ಬರುವವರು ಭಾವನ ತಂಡದ ಪಿಚರ್‌ನನ್ನೂ, ಅಂದರೆ ಚೆಂಡೆಸೆಯುವವನನ್ನೂ ನೋಡುವವರಿದ್ದರು. ಅವನಿಗೆ ಆಗಷ್ಟೇ ಅವಳಿ ಮಕ್ಕಳಾಗಿದ್ದವು.

ಆ ಆಟದಲ್ಲಿ ಒಂದು ಪದ್ಧತಿಯಿದೆ. ಫೀಲ್ಡರ್‌ಗೆ ಎಟುಕದೆ ಚೆಂಡು ದಾಟಿಹೋದರೆ ಅದು ಪಿಚರ್‌ನ ಹೆಸರಿಗೆ ಕಪ್ಪುಚುಕ್ಕೆ. ಫೀಲ್ಡರ್ ಮುಟ್ಟಿ ಬಿಟ್ಟರೆ, ಬಹುಮಟ್ಟಿಗೆ, ತಪ್ಪು ಫೀಲ್ಡರ್‌ನದು. ಜಾಣರು ಕೆಲವು ಚೆಂಡುಗಳು ಕೈಗೆ ತಾಗದಿರಲೆಂದು ಬೇಕೆಂದೇ ಅರ್ಧ ಹೆಜ್ಜೆ ತಡವಾಗಿ ಹೊರಡುತ್ತಾರೆ.

ಕೊನೆಯ ಸರದಿಯಲ್ಲಿ ಚೆಂಡು ಭಾವನಿಂದ ದೂರ ಸಿಡಿದು ಬಂತು. ಅವರು ಅಡ್ಡಕ್ಕೆ ಹಾರಿಬಿದ್ದರು. ಗ್ಲೌಸಿನ ತುದಿಗೆ ತಾಗಿದ ಚೆಂಡು ಹುಲ್ಲಿಗೆ ಉರುಳಿತು. ಎದುರು ತಂಡದ ಇಬ್ಬರು ಓಡಿ ಕೊನೆಯ ಬೇಸ್ ಮುಟ್ಟಿ ರನ್ ಗಳಿಸಿದರು. ಸ್ಕೋರ್‌ಬೋರ್ಡಿನಲ್ಲಿ ಭಾವನ ತಪ್ಪು ಎಂದು ಬಂತು.

ವಾಪಸು ಬರುವಾಗ ಹೆದ್ದಾರಿಯಲ್ಲಿ ಕಾರು ಓಡಿಸುತ್ತಿದ್ದವಳು ಅಕ್ಕ. ನನಗೆ ತಡೆಯಲಾಗಲಿಲ್ಲ.

"ಭಾವ, ಅದು ಸಿಗೋ ಚೆಂಡೇ ಅಲ್ಲ. ಯಾಕೆ ಹೋದ್ರಿ?"

"ಚೆಂಡು ಬಂತು."

"ಬಿಟ್ಟಿದ್ರೆ ತಪ್ಪು ಪಿಚರ್ ತಲೆಗೆ ಹೋಗ್ತಿತ್ತು."

"ಹೌದು."

"ಹೌದು ಅಂದ್ರೆ?" ಅಕ್ಕ ತಿರುಗಿದಳು. "ಮುಟ್ಟಕ್ಕೇ ಅಂತ ಹೋಗಿದ್ದಾ?"

"ಮುಂದೆ ನೋಡಮ್ಮ, ಎಕ್ಸಿಟ್."

ಅಷ್ಟೇ. ಪಿಚರ್‌ಗೆ ಕರೆ ಬಂತು, ಭಾವನಿಗೆ ಬರಲಿಲ್ಲ. ಆಮೇಲೆ ಎಷ್ಟು ಸಲ ಕೇಳಿದರೂ ಅವರು ಬಾಯಿ ಬಿಡಲಿಲ್ಲ. ಬೇಕೆಂದೇ ಹೋದರು ಎಂದು ಒಂದು ದಿನ ಖಚಿತವಾಗಿ ಅನಿಸುತ್ತದೆ. ಮರುದಿನ, ಸೋತವರನ್ನು ದೊಡ್ಡವರನ್ನಾಗಿಸಲು ನಾನೇ ಹೆಣೆದ ಕತೆ ಅನಿಸುತ್ತದೆ. ಎರಡಕ್ಕೂ ಸಿಟ್ಟು ಬರುತ್ತದೆ. ಆ ಪಿಚರ್ ಟಿ.ವಿ.ಯಲ್ಲಿ ಕಾಣಿಸಿಕೊಂಡಾಗ ಭಾವ ಮುಂದಕ್ಕೆ ಬಾಗಿ ನೋಡುತ್ತಿದ್ದರು; ನಾನು ಎದ್ದು ಹೋಗುತ್ತಿದ್ದೆ.

ಕಳೆದ ವರ್ಷ ಹೃದಯಾಘಾತದಲ್ಲಿ ಭಾವ ತೀರಿಕೊಂಡರು. ಅಕ್ಕನ ಊರಿನ ಪತ್ರಿಕೆಯ ವರದಿಗಾರ್ತಿ ಫೋನ್ ಮಾಡಿ, ಅವರು ಹಿಡಿದ ಒಂದು ಒಳ್ಳೆಯ ಚೆಂಡಿನ ಬಗ್ಗೆ ಹೇಳಿ ಎಂದಳು. ನಾನು ಆ ಶನಿವಾರದ್ದನ್ನು ಹೇಳಿದೆ.

"ಆದರೆ ಇದನ್ನು ಅವರು ಹಿಡಿಯಲಿಲ್ಲವಲ್ಲ," ಎಂದಳು. "ಬೇರೆ ಯಾವುದಾದರೂ?"

ಸಾವಿರಾರು ಚೆಂಡು ಹಿಡಿದ ಮನುಷ್ಯ. ನನಗೆ ಒಂದೂ ನೆನಪಾಗಲಿಲ್ಲ.