ಸೊಂಟದಿಂದ ತಲೆಯಾಡಿಸಿದ ಸೋದರಮಾವ

ಚನ್ನಗಿರಿಯ ಬಸ್ ನಿಲ್ದಾಣದ ಹೋಟೆಲಿನಲ್ಲಿ “ಚಾ ಕೊಡ್ಲೇನ್ರಿ?” ಎಂದು ಕೇಳಿದರೆ ಲೋಕವೆಲ್ಲ ತಲೆಯಾಡಿಸುತ್ತದೆ, ನಾನು ಮಾತ್ರ ಸೊಂಟದಿಂದ ಬಾಗುತ್ತೇನೆ. ಹೊಸಬರು ನನ್ನ ವಿನಯಕ್ಕೆ ಬೆರಗಾಗುತ್ತಾರೆ. ಆ ಕೀರ್ತಿಯಲ್ಲಿ ಅರ್ಧ ಪಾಲು ವೈದ್ಯಶಾಸ್ತ್ರದ್ದು ಎಂದು ನಿಮ್ಮೆದುರು ಒಪ್ಪಿಕೊಳ್ಳಬೇಕು.

ಎಂಬತ್ತರ ದಶಕದ ಆರಂಭದಲ್ಲಿ, ಮೇಷ್ಟರಾಗಿ ಉತ್ತರಪತ್ರಿಕೆ ತಿದ್ದಿ ತಿದ್ದಿ ಸವೆದ ನನ್ನ ಕತ್ತಿನ ಡಿಸ್ಕನ್ನು ತೆಗೆದು, ಆ ಜಾಗಕ್ಕೆ ನನ್ನದೇ ಸೊಂಟದ ಎಲುಬಿನ ಚೂರೊಂದನ್ನು ಕೂರಿಸಿದರು. ಎಲುಬಿಗೆ ಬಡ್ತಿ ದೊರೆಯಿತು. ನನಗೆ ದೊರೆತದ್ದು ಕತ್ತಿಗೊಂದು ಪಟ್ಟಿ, ಪಿಸುಮಾತಿಗಿಂತ ಮೇಲೇರದ ದನಿ, ಮತ್ತು ಗಟ್ಟಿ ತುತ್ತನ್ನು ಕಂಡರೆ ಬಾಗಿಲು ಹಾಕಿಕೊಳ್ಳುವ ಗಂಟಲು. ಶಸ್ತ್ರಚಿಕಿತ್ಸೆಯಾದ ಕೆಲವರಿಗೆ ಈ ತೊಡಕುಗಳು ಬರುತ್ತವೆ, ನಿಧಾನವಾಗಿ ಹೋಗುತ್ತವೆ ಎಂದರು ಡಾಕ್ಟರು.

ಅವು ಹೋಗುವ ಮೊದಲೇ ಜಗಳೂರಿನ ಅಕ್ಕನ ಮಗಳು ಗಿರಿಜೆಗೆ ನ್ಯಾಮತಿಯಲ್ಲೊಂದು ಸಂಬಂಧ ಕೂಡಿಬಂತು. ತಂದೆಯಿಲ್ಲದ ಹುಡುಗಿ, ಎರಡು ಸಂಬಂಧ ಆಗಲೇ ತಪ್ಪಿಹೋಗಿದ್ದವು. ಗಂಡಿನ ಮನೆಯಲ್ಲಿ ಕೊಟ್ಟ ಸಜ್ಜಿಗೆಯನ್ನು ಹೆಣ್ಣಿನ ಸೋದರಮಾವ ತಿಂದರೆ ಒಪ್ಪಿಗೆ, ಬಿಟ್ಟೆದ್ದರೆ ಇಲ್ಲ ಎಂಬುದು ಎರಡೂ ಮನೆತನಗಳ ಪದ್ಧತಿ. ಪಟ್ಟಿ ಕಂಡರೆ ಮಾವ ರೋಗಿಷ್ಠನೆಂದು ಆಡಿಕೊಂಡಾರೆಂಬ ಒಣ ಜಂಬದಿಂದ ನಾನು, ಯಾರಿಗೂ ಹೇಳಕೂಡದೆಂದು ಅಕ್ಕನಿಂದ ಮಾತು ತೆಗೆದುಕೊಂಡು, ಉರಿಬೇಸಿಗೆಯಲ್ಲಿ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಹೊರಟೆ.

ವರನ ಅಜ್ಜಿ ಏನು ಕೇಳಿದರೂ ನನ್ನ ತಲೆ ಅಲ್ಲಾಡಲಿಲ್ಲ, ಪಿಸುಮಾತು ಅವರ ಕಿವಿಗೆ ಮುಟ್ಟಲಿಲ್ಲ. ಸಜ್ಜಿಗೆಯ ಮೊದಲ ತುತ್ತು ಕೆಮ್ಮಿನೊಡನೆ ಪಂಚೆಯ ಮೇಲೆ ಬಿತ್ತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

“ಮಾವನೋರಿಗೆ ಮನಸಿಲ್ಲ ಅಂತ ಕಾಣ್ತೈತೆ. ಬಲವಂತ ಮಾಡಾಕೆ ಆಗಲ್ಲ ಬಿಡ್ರಿ,” ಎಂದು ಅಜ್ಜಿ ಎದ್ದೇಬಿಟ್ಟರು. ಅಕ್ಕ ಕೊಟ್ಟ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದಳು. ಕಣ್ಣು ಮಾತ್ರ ತುಂಬಿತ್ತು. ನನಗೆ ನನ್ನ ಮೇಲೇ ನಾಚಿಕೆಯಾಯಿತು. ಮಫ್ಲರ್ ಬಿಚ್ಚಿ, ಪಟ್ಟಿ ಸಡಿಲಿಸಿ, ಕೊರಳ ಮೇಲಿನ ಹೊಲಿಗೆಯ ಗುರುತು ತೋರಿಸಿದೆ.

ಅಜ್ಜಿ ಹತ್ತಿರ ಬಂದು ನೋಡಿದರು. “ಇದನ್ನ ಮುಚ್ಚಿಡಾಕೆ ಈ ಬಿಸಿಲಾಗೆ ಹಿಂಗೆ ಸುತ್ಕಂಡು ಬಂದ್ರಾ? ಮೊದ್ಲೇ ಹೇಳಬಾರ್ದಿತ್ತೇನ್ರಿ,” ಎಂದವರೇ ಸಜ್ಜಿಗೆಗೆ ಹಾಲು ಬೆರೆಸಿ, ಗಂಜಿಯ ಹಾಗೆ ಕಲಸಿ, ಚಮಚ ಕೈಗಿಟ್ಟರು. ಎರಡೂ ಕಡೆಯ ಬಂಧುಗಳು ಉಸಿರು ಬಿಗಿಹಿಡಿದು ನನ್ನ ಗಂಟಲನ್ನೇ ನೋಡುತ್ತಿರಲು, ಮೂರು ಚಮಚ ಒಂದೊಂದಾಗಿ ಇಳಿದವು.

“ಒಪ್ಪಿಗೇನ್ರಿ?”

ಬೇರೆ ದಾರಿ ಕಾಣದೆ ಸೊಂಟದಿಂದ ಬಾಗಿದೆ, ಹೆಚ್ಚುಕಮ್ಮಿ ಅವರ ಪಾದದವರೆಗೆ. ಇಂಥ ವಿನಯವಂತ ಬೀಗರು ಸಿಗುವುದು ಪುಣ್ಯವೆಂದು ನ್ಯಾಮತಿಯಲ್ಲಿ ಬಹಳ ದಿನ ಹೇಳಿಕೊಂಡರಂತೆ.

ಈಗ ಕತ್ತು ತಕ್ಕಮಟ್ಟಿಗೆ ಆಡುತ್ತದೆ. ಚಹಾಕ್ಕೆ ತಲೆಯಾಡಿಸಿದರೆ ಸಾಕು. ಆದರೂ ಹೋಟೆಲಿನವನು ಕೇಳಿದಾಗ ಸೊಂಟವೇ ಮುಂದಾಗುತ್ತದೆ. ನಾನು ಹಾಗೆ ಬಾಗಿದ್ದರಿಂದಲೇ ಗಿರಿಜೆಯ ಸಂಸಾರ ಶುರುವಾಯಿತಲ್ಲ, ಬಿಡಲು ಮನಸ್ಸು ಬಾರದು.